ಉಬ್ಬರ-ಇಳಿತದ ಲೆಕ್ಕ ಹಿಡಿದು ದಿನಾರ್ ನೋಡುವ ಬಗೆ: ಬ್ರಿಟನಿಯ ಕಡಲತೀರಕ್ಕೆ ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಫ್ರಾನ್ಸ್ ದೇಶದ ವಾಯವ್ಯ ತುದಿಯಲ್ಲಿ ಅಟ್ಲಾಂಟಿಕ್ ಕಡೆಗೆ ಚಾಚಿಕೊಂಡಿರುವ ಪ್ರದೇಶವೇ ಬ್ರಿಟನಿ. ಅದರ ಉತ್ತರ ಕರಾವಳಿಯಲ್ಲಿ ರಾನ್ಸ್ ನದಿ ಸಮುದ್ರ ಸೇರುವಲ್ಲಿ ಎರಡು ಊರುಗಳು ಎದುರುಬದುರಾಗಿ ನಿಂತಿವೆ. ಪೂರ್ವ ದಡದಲ್ಲಿರುವುದು ಕೋಟೆಯ ಊರಾದ ಸ್ಯಾಂ ಮಾಲೊ, ಪಶ್ಚಿಮ ದಡದಲ್ಲಿರುವುದು ವಿಹಾರಧಾಮವಾದ ದಿನಾರ್. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ದಿನಾರ್ ಮೀನುಗಾರರ ಸಣ್ಣ ಹಳ್ಳಿಯಾಗಿತ್ತು. 1850ರ ದಶಕದಲ್ಲಿ ಫೇಬರ್ ಎಂಬ ಮಹಿಳೆ ಇಲ್ಲಿ ಮನೆ ಕಟ್ಟಿಸಿಕೊಂಡ ಮೇಲೆ ಇಂಗ್ಲೆಂಡಿನ ಶ್ರೀಮಂತ ಕುಟುಂಬಗಳು ಒಂದರ ಹಿಂದೊಂದು ಬಂದು ನೆಲೆಸಿದವು. ಲೆಬನಾನ್ ಮೂಲದ ರೊಶಾಯ್ದ್ ದಹ್ದಾ ಎಂಬ ಸಿರಿವಂತರು ಜಮೀನು ಕೊಂಡು, ಬೀದಿಗಳನ್ನು ಹಾಕಿಸಿ, ಊರನ್ನು ಬೆಳೆಸಿದರು. ಆ ಕಾಲದ ವಿಲ್ಲಾಗಳಲ್ಲಿ 400ಕ್ಕೂ ಹೆಚ್ಚು ಇಂದು ಸಂರಕ್ಷಿತ ಕಟ್ಟಡಗಳಾಗಿ ಉಳಿದಿವೆ.

ದಿನಾರ್‌ಗೆ ಹೋಗುವವರು ಸಾಮಾನ್ಯವಾಗಿ ಹೋಟೆಲು, ರೈಲು, ಹವಾಮಾನ ಎಂಬ ಕ್ರಮದಲ್ಲಿ ಯೋಚಿಸುತ್ತಾರೆ. ಈ ಕರಾವಳಿಯ ಮಟ್ಟಿಗೆ ಆ ಕ್ರಮ ಸರಿಹೋಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಮೊದಲು ನೋಡಬೇಕಾದದ್ದು ಸಮುದ್ರದ ಉಬ್ಬರ-ಇಳಿತ. ಯಾವ ದಿನ ಈಜಬಹುದು, ಯಾವ ಮಧ್ಯಾಹ್ನ ಮರಳಿನ ಮೇಲೆ ನಡೆದು ದ್ವೀಪ ಸೇರಬಹುದು, ಯಾವ ಸಂಜೆ ಅಲೆಗಳು ಗೋಡೆ ಹಾರುವುದನ್ನು ಕಾಣಬಹುದು ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯೂ ಅಲ್ಲಿಂದಲೇ ಆರಂಭವಾಗುತ್ತದೆ.

ಮೊದಲ ಹಂತ: ಸಮುದ್ರದ ಲೆಕ್ಕ ತಿಳಿದುಕೊಳ್ಳಿ

ಕಾರವಾರದಲ್ಲಾಗಲಿ ಮಂಗಳೂರಿನಲ್ಲಾಗಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಎತ್ತರದ ವ್ಯತ್ಯಾಸ ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು. ಸ್ಯಾಂ ಮಾಲೊ ಕೊಲ್ಲಿಯಲ್ಲಿ ವರ್ಷದ ದೊಡ್ಡ ಉಬ್ಬರಗಳ ದಿನ ಅದು ಸುಮಾರು 13 ಮೀಟರ್ ಮುಟ್ಟುತ್ತದೆ, ಅಂದರೆ ನಾಲ್ಕು ಅಂತಸ್ತಿನ ಕಟ್ಟಡದಷ್ಟು ನೀರು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಅಟ್ಲಾಂಟಿಕ್‌ನಿಂದ ಇಂಗ್ಲಿಷ್ ಕಾಲುವೆಯೊಳಕ್ಕೆ ಬರುವ ಉಬ್ಬರದ ಅಲೆಗೆ ಕೊತಾಂತ್ಯಾಂ ಪರ್ಯಾಯದ್ವೀಪ ಅಡ್ಡ ನಿಲ್ಲುವುದರಿಂದ ನೀರು ಈ ಮೂಲೆಯಲ್ಲಿ ಒತ್ತೊತ್ತಾಗಿ ಶೇಖರವಾಗುತ್ತದೆ. ಯುರೋಪಿನ ಅತಿ ದೊಡ್ಡ ಉಬ್ಬರಗಳಲ್ಲಿ ಕೆಲವು ಇಲ್ಲಿ ಕಾಣಿಸುವುದಕ್ಕೆ ಕಾರಣ ಇದೇ.

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುತ್ತದೆ. ಹೀಗಾಗಿ ಇಂದಿನ ವೇಳೆಗಿಂತ ನಾಳಿನ ವೇಳೆ ಸರಾಸರಿ 50 ನಿಮಿಷ ತಡವಾಗಿರುತ್ತದೆ. ಉಬ್ಬರದ ಪ್ರಮಾಣವನ್ನು ಫ್ರೆಂಚರು 20ರಿಂದ 120ರವರೆಗಿನ ಒಂದು ಗುಣಾಂಕದಲ್ಲಿ ಹೇಳುತ್ತಾರೆ. 45ರ ಆಸುಪಾಸು ಇದ್ದರೆ ಸಮುದ್ರ ಹೆಚ್ಚು ದೂರ ಸರಿಯುವುದಿಲ್ಲ, 70 ಸಾಧಾರಣ, 100 ದಾಟಿದರೆ ಅದನ್ನು ಮಹಾ ಉಬ್ಬರವೆಂದು ಕರೆಯುತ್ತಾರೆ. ಫ್ರೆಂಚ್ ನೌಕಾ ಜಲಮಾಪನ ಸಂಸ್ಥೆಯಾದ ಶೋಮ್ ಪ್ರಕಟಿಸುವ ಪಟ್ಟಿಗಳೇ ಎಲ್ಲದಕ್ಕೂ ಆಧಾರ. ಪ್ರವಾಸಿ ಕಚೇರಿಯಲ್ಲಿಯೂ ಹೋಟೆಲಿನ ಮೇಜಿನ ಮೇಲೆಯೂ ಇವುಗಳ ಪುಟ್ಟ ಕೈಪಿಡಿ ಸಿಗುತ್ತದೆ. ಆದರೆ ಒಂದು ಎಚ್ಚರಿಕೆ: ಫ್ರಾನ್ಸ್‌ನಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ಆದರೆ ಕೆಲವು ಮುದ್ರಿತ ಪಟ್ಟಿಗಳು ವರ್ಷವಿಡೀ ಚಳಿಗಾಲದ ಗಡಿಯಾರದಂತೆಯೇ ವೇಳೆ ಕೊಟ್ಟಿರುತ್ತವೆ, ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಕೂಡಿಸಬೇಕೋ ಬೇಡವೋ ಎಂಬುದನ್ನು ಮೊದಲ ಪುಟದಲ್ಲೇ ನೋಡಿಕೊಳ್ಳಬೇಕು.

ಪಂಚಾಂಗ ನೋಡುವ ಅಭ್ಯಾಸವಿರುವ ಕನ್ನಡಿಗರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ಅಮಾವಾಸ್ಯೆ ಅಥವಾ ಹುಣ್ಣಿಮೆಯಾದ ಸುಮಾರು ಒಂದೂವರೆ ದಿನಕ್ಕೆ ಈ ಕೊಲ್ಲಿಯಲ್ಲಿ ದೊಡ್ಡ ಉಬ್ಬರ ಬರುತ್ತದೆ. ಅಷ್ಟಮಿಯಾದ ಒಂದೆರಡು ದಿನಕ್ಕೆ ಸಣ್ಣ ಉಬ್ಬರ. ಹಗಲು-ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಸುತ್ತಮುತ್ತ ದೊಡ್ಡ ಉಬ್ಬರಗಳು ಇನ್ನಷ್ಟು ಬಲಗೊಳ್ಳುತ್ತವೆ. ನಮ್ಮ ಯುಗಾದಿಯೂ ನವರಾತ್ರಿಯೂ ಅಮಾವಾಸ್ಯೆಯ ಬೆನ್ನಿಗೇ, ಬಹುಮಟ್ಟಿಗೆ ಇದೇ ಕಾಲಗಳಲ್ಲಿ ಆರಂಭವಾಗುವುದರಿಂದ ಯುಗಾದಿಯ ಮರುದಿನ ಅಥವಾ ನವರಾತ್ರಿಯ ಮೊದಲ ಎರಡು-ಮೂರು ದಿನಗಳಲ್ಲಿ ದಿನಾರ್‌ನಲ್ಲಿರುವವರಿಗೆ ದೊಡ್ಡ ಉಬ್ಬರ ಕಾಣಸಿಗುವ ಸಾಧ್ಯತೆ ಚೆನ್ನಾಗಿದೆ. ಆ ಹೊತ್ತಿಗೆ ಚಂದ್ರ ಭೂಮಿಗೆ ಎಷ್ಟು ಸಮೀಪವಿದ್ದಾನೆ ಎಂಬುದರ ಮೇಲೆ ಪ್ರಮಾಣ ಹೆಚ್ಚುಕಡಿಮೆಯಾಗುತ್ತದೆ. ಆದ್ದರಿಂದ ಕೊನೆಯ ತೀರ್ಮಾನವನ್ನು ಶೋಮ್ ಪಟ್ಟಿ ನೋಡಿಯೇ ಮಾಡಬೇಕು.

ವೇಳೆಯಲ್ಲೂ ಒಂದು ಕ್ರಮವಿದೆ, ಅದು ಪ್ರವಾಸಿಗೆ ಬಹಳ ಉಪಯುಕ್ತ. ದೊಡ್ಡ ಉಬ್ಬರಗಳ ದಿನಗಳಲ್ಲಿ ಬೇಸಿಗೆಯ ಗಡಿಯಾರದ ಪ್ರಕಾರ ನೀರು ಬೆಳಿಗ್ಗೆಯೂ ರಾತ್ರಿಯೂ ಎಂಟು-ಒಂಬತ್ತರ ಹೊತ್ತಿಗೆ ತುಂಬುತ್ತದೆ ಮತ್ತು ಮಧ್ಯಾಹ್ನ ಮೂರು-ನಾಲ್ಕರ ಹೊತ್ತಿಗೆ ಅತಿ ದೂರ ಸರಿದಿರುತ್ತದೆ. ಸಣ್ಣ ಉಬ್ಬರಗಳ ವಾರದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಮಧ್ಯಾಹ್ನ ಎರಡು-ಮೂರರ ಹೊತ್ತಿಗೆ ನೀರು ದಡದ ಬಳಿಯೇ ಇರುತ್ತದೆ. ಹಾಗಾಗಿ ಮಕ್ಕಳೊಂದಿಗೆ ನೀರಾಟವೇ ಮುಖ್ಯವಾಗಿರುವ ಕುಟುಂಬ ಸಣ್ಣ ಉಬ್ಬರದ ವಾರವನ್ನು ಆರಿಸಿಕೊಳ್ಳಬೇಕು; ನಡಿಗೆ, ದ್ವೀಪ, ಬಂಡೆಗಳ ನಡುವಿನ ಜೀವಲೋಕ ನೋಡುವ ಆಸೆಯುಳ್ಳವರು ದೊಡ್ಡ ಉಬ್ಬರದ ದಿನಗಳಿಗೆ ಹೋಗಬೇಕು. ವಾರಪೂರ್ತಿ ಉಳಿಯುವವರಿಗೆ ಎರಡರ ರುಚಿಯೂ ಸಿಗುತ್ತದೆ, ಏಕೆಂದರೆ ಒಂದರಿಂದ ಇನ್ನೊಂದಕ್ಕೆ ಹೊರಳಲು ಸಮುದ್ರಕ್ಕೆ ಸುಮಾರು ಏಳು ದಿನ ಸಾಕು.

ನೀರು ಏರುವ ವೇಗ ಒಂದೇ ಸಮನಾಗಿರುವುದಿಲ್ಲ ಎಂಬುದನ್ನು ಮರೆಯಬಾರದು. ನಾವಿಕರು ಬಳಸುವ ಹನ್ನೆರಡನೇ ಒಂದು ಭಾಗದ ನಿಯಮದ ಪ್ರಕಾರ ಇಳಿತದ ನಂತರದ ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡನೇ ಒಂದು ಭಾಗ, ಎರಡನೆಯ ಗಂಟೆಯಲ್ಲಿ ಎರಡು ಭಾಗ, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು ಭಾಗ, ಆಮೇಲೆ ಎರಡು, ಕೊನೆಗೆ ಒಂದು ಭಾಗದಷ್ಟು ನೀರು ಏರುತ್ತದೆ. ಒಟ್ಟು ವ್ಯತ್ಯಾಸ 12 ಮೀಟರ್ ಇರುವ ದಿನ ಮೂರನೆಯ ಗಂಟೆಯೊಂದರಲ್ಲೇ ನೀರು 3 ಮೀಟರ್ ಏರುತ್ತದೆ, ಅಂದರೆ ನಿಮಿಷಕ್ಕೆ 5 ಸೆಂಟಿಮೀಟರ್. ಚಪ್ಪಟೆ ಮರಳಿನ ಮೇಲೆ ಅದೇ ಏರಿಕೆ ಎಷ್ಟೋ ಪಟ್ಟು ಹೆಚ್ಚು ಅಗಲಕ್ಕೆ ಹರಡಿಕೊಳ್ಳುತ್ತದೆ. ಮೊದಲ ಗಂಟೆಯ ನಿಧಾನಗತಿಯನ್ನು ನಂಬಿ ಕುಳಿತವರು ಮೂರನೆಯ ಗಂಟೆಯಲ್ಲಿ ಸಿಕ್ಕಿಬೀಳುವುದು ಇದರಿಂದಲೇ.

ಎರಡನೆಯ ಹಂತ: ಕಾಲ ಮತ್ತು ದಿನಾಂಕ ನಿಗದಿಪಡಿಸಿ

ಜುಲೈ 14ರ ರಾಷ್ಟ್ರೀಯ ದಿನದಿಂದ ಆಗಸ್ಟ್ 15ರ ಹಬ್ಬದವರೆಗೆ ಫ್ರಾನ್ಸ್ ದೇಶವೇ ಕಡಲತೀರಕ್ಕೆ ಇಳಿದಿರುತ್ತದೆ. ಆ ಅವಧಿಯಲ್ಲಿ ಕೊಠಡಿಗಳ ದರ ಏರಿರುತ್ತದೆ, ಭೋಜನಾಲಯಗಳಲ್ಲಿ ಜಾಗ ಕಾಯ್ದಿರಿಸಬೇಕಾಗುತ್ತದೆ. ಜೂನ್ ಅಥವಾ ಸೆಪ್ಟೆಂಬರ್ ನನ್ನ ಆಯ್ಕೆ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತು ದಾಟಿದ ಮೇಲೆ. ಹಾಗಾಗಿ ಒಂದು ದಿನದಲ್ಲಿ ಎರಡು ದಿನದ ಕೆಲಸವಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಬೇಸಿಗೆಯಿಡೀ ಕಾದ ನೀರು ಇನ್ನೂ ತಣಿದಿರುವುದಿಲ್ಲ, ಜನರು ಮಾತ್ರ ಹಿಂತಿರುಗಿರುತ್ತಾರೆ.

ಕರ್ನಾಟಕದ ಶಾಲೆಗಳ ರಜೆಗೆ ಹೊಂದಿಸಿಕೊಳ್ಳಬೇಕಾದವರು ಹೀಗೆ ಯೋಚಿಸಬಹುದು. ಏಪ್ರಿಲ್-ಮೇ ರಜೆಯಲ್ಲಿ ತೋಟಗಳು ಹೂವಿನಿಂದ ತುಂಬಿರುತ್ತವೆ, ದರವೂ ಹಿತಮಿತ, ಆದರೆ ಸಮುದ್ರ ಕೊರೆಯುವಷ್ಟು ತಣ್ಣಗಿರುತ್ತದೆ. ದಸರಾ ರಜೆಯಲ್ಲಿ ಹೋದರೆ ದೊಡ್ಡ ಉಬ್ಬರಗಳ ಜೊತೆಗೆ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಆರಂಭದಲ್ಲಿ ನಡೆಯುವ ಬ್ರಿಟಿಷ್ ಚಲನಚಿತ್ರೋತ್ಸವವೂ ಸಿಗಬಹುದು; 1990ರಲ್ಲಿ ಆರಂಭವಾದ ಈ ಉತ್ಸವ ಊರಿನ ಇಂಗ್ಲಿಷ್ ನಂಟಿನ ಮುಂದುವರಿಕೆ. ನಡುಚಳಿಗಾಲದಲ್ಲಿ ಅನೇಕ ಹೋಟೆಲು-ಭೋಜನಾಲಯಗಳು ಮುಚ್ಚಿರುವುದರಿಂದ ಮೊದಲ ಭೇಟಿಗೆ ಆ ಕಾಲ ಬೇಡ.

ಮೂರನೆಯ ಹಂತ: ವೀಸಾ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ವಲಯ) ಅಲ್ಪಾವಧಿ ವೀಸಾ ಬೇಕು. ಇದರಲ್ಲಿ 180 ದಿನಗಳ ಅವಧಿಯೊಳಗೆ ಒಟ್ಟು 90 ದಿನ ಉಳಿಯಬಹುದು. ಫ್ರಾನ್ಸ್ ಸರ್ಕಾರದ ವೀಸಾ ಜಾಲತಾಣದಲ್ಲಿ ಅರ್ಜಿ ತುಂಬಿ, ವೀಸಾ ಅರ್ಜಿಗಳನ್ನು ಸ್ವೀಕರಿಸುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಸಮಯ ನಿಗದಿಪಡಿಸಿಕೊಂಡು, ದಾಖಲೆ ಮತ್ತು ಬೆರಳಚ್ಚು ಕೊಡಬೇಕು. ಪ್ರಯಾಣದ ದಿನಕ್ಕೆ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಲು ಅವಕಾಶವಿದೆ. 15 ದಿನಕ್ಕಿಂತ ಕಡಿಮೆ ಉಳಿದಿರುವಾಗ ಹಾಕುವಂತಿಲ್ಲ. ಬೇಸಿಗೆಯ ಪ್ರವಾಸಕ್ಕೆ ಮೂರು ತಿಂಗಳ ಮುಂಚೆಯೇ ಹೋಗುವುದು ಕ್ಷೇಮ. ವಯಸ್ಕರ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ ಇದೆ, ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿದ್ದು, ಹಿಂತಿರುಗುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು.

ಫ್ರಾನ್ಸ್‌ನಲ್ಲಿ ನೆಲೆಸಿರುವ ಮಗಳ ಅಥವಾ ತಮ್ಮನ ಮನೆಯಲ್ಲಿ ಉಳಿದುಕೊಂಡು ಅಲ್ಲಿಂದ ದಿನಾರ್‌ಗೆ ಹೋಗುವವರು ಹೋಟೆಲ್ ಬುಕಿಂಗ್‌ಗೆ ಬದಲಾಗಿ ಆತಿಥ್ಯದ ಪ್ರಮಾಣಪತ್ರ ಕೊಡಬೇಕು. ಅದನ್ನು ಅಲ್ಲಿರುವ ಬಂಧುಗಳೇ ತಮ್ಮ ಊರಿನ ಪುರಸಭೆಯಿಂದ ಪಡೆದು, ಮೂಲಪತ್ರವನ್ನೇ ಅಂಚೆಯಲ್ಲಿ ಕಳಿಸಬೇಕಾಗುವುದರಿಂದ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಹಚ್ಚಿಕೊಳ್ಳಬೇಕು.

ನಾಲ್ಕನೆಯ ಹಂತ: ಪ್ಯಾರಿಸ್‌ನಿಂದ ದಿನಾರ್‌ಗೆ

ದಿನಾರ್‌ನಲ್ಲಿ ಈಗ ರೈಲು ನಿಲ್ದಾಣವಿಲ್ಲ. ಇಳಿಯಬೇಕಾದದ್ದು ಸ್ಯಾಂ ಮಾಲೊದಲ್ಲಿ. ಪ್ಯಾರಿಸ್‌ನ ಮೊಂಪಾರ್ನಾಸ್ ನಿಲ್ದಾಣದಿಂದ ಟಿಜಿವಿ ಎಂಬ ಅತಿವೇಗದ ನೇರ ರೈಲು ಎರಡೂಕಾಲು ಗಂಟೆಯ ಆಸುಪಾಸಿನಲ್ಲಿ ಅಲ್ಲಿಗೆ ತಲುಪುತ್ತದೆ. 2017ರಲ್ಲಿ ಬ್ರಿಟನಿಯ ಅತಿವೇಗದ ಹಳಿ ತೆರೆದ ಮೇಲೆ ಪ್ಯಾರಿಸ್‌ನಿಂದ ರೆನ್ ನಗರಕ್ಕೆ ಒಂದೂವರೆ ಗಂಟೆಯೂ ಹಿಡಿಯುವುದಿಲ್ಲ. ನೇರ ರೈಲು ಸಿಗದಿದ್ದರೆ ರೆನ್‌ನಲ್ಲಿ ಇಳಿದು ಪ್ರಾದೇಶಿಕ ರೈಲು ಹಿಡಿಯಬಹುದು, ಅಲ್ಲಿಂದ ಮುಂದಕ್ಕೆ ಒಂದು ಗಂಟೆ. ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದಿಂದಲೇ ರೆನ್‌ಗೆ ಹೋಗುವ ಕೆಲವು ಟಿಜಿವಿಗಳೂ ಇವೆ. ಬೆಂಗಳೂರಿನ ನೇರ ವಿಮಾನದಲ್ಲಿ ಬಂದಿಳಿದವರು ಅದನ್ನು ಹಿಡಿದರೆ ಪ್ಯಾರಿಸ್ ನಗರದೊಳಗೆ ಪೆಟ್ಟಿಗೆಗಳನ್ನು ಎಳೆದಾಡುವ ಕಷ್ಟ ತಪ್ಪುತ್ತದೆ.

ಟಿಜಿವಿ ಟಿಕೆಟ್ ಬೇಗ ತೆಗೆದಷ್ಟೂ ಅಗ್ಗ. ರೈಲಿನ ಬಾಗಿಲು ಹೊರಡುವ ಸಮಯಕ್ಕೆ ಎರಡು ನಿಮಿಷ ಮುಂಚೆಯೇ ಮುಚ್ಚುತ್ತದೆ. ಒಬ್ಬರಿಗೆ ಎರಡು ದೊಡ್ಡ ಪೆಟ್ಟಿಗೆ ಮತ್ತು ಒಂದು ಕೈಚೀಲ ಎಂಬ ಮಿತಿಯಿದ್ದು, ಪ್ರತಿಯೊಂದರ ಮೇಲೂ ಹೆಸರಿನ ಚೀಟಿ ಇರಬೇಕು. ಸ್ಯಾಂ ಮಾಲೊ ನಿಲ್ದಾಣದಿಂದ ರಾನ್ಸ್ ಅಣೆಕಟ್ಟಿನ ಮೇಲಿನ ರಸ್ತೆಯಲ್ಲಿ ಬಸ್ಸು ಅಥವಾ ಟ್ಯಾಕ್ಸಿಯಲ್ಲಿ ದಿನಾರ್ ಸೇರಬಹುದು. ದೋಣಿಗಳನ್ನು ಬಿಡಲು ಆ ರಸ್ತೆಯ ಒಂದು ತುಂಡನ್ನು ಆಗಾಗ ಮೇಲೆತ್ತುತ್ತಾರೆ, ಆಗ ವಾಹನಗಳು ಕಾಯಬೇಕು. ಹಿಂತಿರುಗುವ ದಿನ ರೈಲಿನ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ವಸತಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಊರಿನ ನಡುವಿನ ಲೆಕ್ಲ್ಯೂಜ್ ಕಡಲತೀರದಿಂದ ಹತ್ತು ನಿಮಿಷದ ನಡಿಗೆಯೊಳಗೆ ಕೊಠಡಿ ಸಿಕ್ಕರೆ ಕಾರಿನ ಅಗತ್ಯವೇ ಬೀಳುವುದಿಲ್ಲ. ಸಸ್ಯಾಹಾರಿ ಕುಟುಂಬಗಳಿಗೆ ಅಡುಗೆಮನೆಯಿರುವ ಬಾಡಿಗೆ ಮನೆ ಹೋಟೆಲಿಗಿಂತ ಉತ್ತಮ. ಸ್ಥಳೀಯ ವಾಸ್ತವ್ಯ ತೆರಿಗೆಯನ್ನು ತಲೆಗೆ ಇಷ್ಟೆಂದು ಪ್ರತ್ಯೇಕವಾಗಿ ವಸೂಲು ಮಾಡುತ್ತಾರೆ.

ಐದನೆಯ ಹಂತ: ಮೊದಲ ದಿನ ಊರನ್ನು ಕಾಲ್ನಡಿಗೆಯಲ್ಲಿ ನೋಡಿ

ಊರಿನ ಹೃದಯಭಾಗದಲ್ಲಿರುವುದು ಲೆಕ್ಲ್ಯೂಜ್ ಕಡಲತೀರ. ಎರಡು ಬಂಡೆಚಾಚುಗಳ ನಡುವೆ ಬಿಲ್ಲಿನಂತೆ ಬಾಗಿದ ಮರಳು, ಅದರ ಮೇಲೆ ಸಾಲಾಗಿ ನೀಲಿ-ಬಿಳಿ ಪಟ್ಟೆಯ ಬಟ್ಟೆಯ ಗುಡಾರಗಳು, ಹಿಂದೆ ಕ್ಯಾಸಿನೊ. ಚಿತ್ರಕಾರ ಪಿಕಾಸೊ 1920ರ ದಶಕದ ಬೇಸಿಗೆಗಳಲ್ಲಿ ದಿನಾರ್‌ಗೆ ಬಂದು ಇಲ್ಲಿ ಸಮುದ್ರಸ್ನಾನ ಮಾಡುವವರನ್ನು ಚಿತ್ರಿಸಿದರು. ತೀರದ ಬಳಿ ಹೆಗಲ ಮೇಲೆ ಹಕ್ಕಿಗಳನ್ನು ಕೂರಿಸಿಕೊಂಡ ಚಲನಚಿತ್ರ ನಿರ್ದೇಶಕ ಆಲ್ಫ್ರೆಡ್ ಹಿಚ್ಕಾಕ್ ಪ್ರತಿಮೆಯಿದೆ.

ಇಲ್ಲಿಂದ ಹೊರಟು ಮೂಲಿನೆ ಎಂಬ ಚಾಚನ್ನು ಸುತ್ತಿ ನದೀಮುಖದ ಕಡೆಗೆ ನಡೆಯಿರಿ. ಎಡಕ್ಕೆ ಕೆಳಗೆ ಸಮುದ್ರ, ಬಲಕ್ಕೆ ಮೇಲೆ ಬಂಡೆಯ ನೆತ್ತಿಯಲ್ಲಿ ವಿಲ್ಲಾಗಳು. ಗೋಪುರ, ಚೂಪು ಛಾವಣಿ, ಗಾಜಿನ ಚಾಚುಕಿಟಕಿ, ಕಂದು ಕಲ್ಲು: ಪ್ರತಿ ಮನೆಯೂ ಪಕ್ಕದ ಮನೆಯೊಂದಿಗೆ ಪೈಪೋಟಿಗೆ ಬಿದ್ದಂತೆ ಕಟ್ಟಿಸಿದ್ದಾರೆ. ಚಾಚು ದಾಟಿದ ಮೇಲೆ ಬೆಳದಿಂಗಳ ವಿಹಾರಪಥವೆಂದು ಹೆಸರಾದ ಕಾಲುದಾರಿ ಆರಂಭವಾಗುತ್ತದೆ. ಉತ್ತರದ ಗಾಳಿಗೆ ಬಂಡೆ ಮರೆಯಾಗಿರುವುದರಿಂದ ಇಲ್ಲಿ ತಾಳೆ, ಮಿಮೋಸಾ, ನೀಲಿ ಅಗಪ್ಯಾಂಥಸ್ ಮುಂತಾದ ಬೆಚ್ಚನೆಯ ನಾಡಿನ ಗಿಡಗಳು ಬೆಳೆಯುತ್ತವೆ. ದಾರಿಯ ಎದುರಿಗೇ ನೀರಿನಾಚೆ ಸ್ಯಾಂ ಮಾಲೊದ ಕೋಟೆಗೋಡೆ ಮತ್ತು ಚರ್ಚಿನ ಶಿಖರ ಕಾಣುತ್ತವೆ. ಸಂಜೆಯ ಬಿಸಿಲು ಆ ಕಲ್ಲಿಗೆ ನೇರವಾಗಿ ಬೀಳುವುದರಿಂದ ಈ ನಡಿಗೆಯನ್ನು ಸಂಜೆಗೇ ಇಟ್ಟುಕೊಳ್ಳುವುದು ಒಳ್ಳೆಯದು. ಒಮ್ಮೆ ನೀರು ತುಂಬಿದಾಗ, ಇನ್ನೊಮ್ಮೆ ಇಳಿದಾಗ ಇದೇ ದಾರಿಯಲ್ಲಿ ಹೋಗಿ; ದೋಣಿಗಳು ತೇಲುತ್ತಿದ್ದ ಪ್ರಿಯುರೆ ಕೊಲ್ಲಿಯಲ್ಲಿ ಆರು ಗಂಟೆಯ ನಂತರ ಬರಿಯ ಮರಳು ಕಾಣುತ್ತದೆ.

ನಡಿಗೆಯ ಹುಚ್ಚಿರುವವರು ಪಶ್ಚಿಮಕ್ಕೆ ಸ್ಯಾಂ ಎನೊಗಾ ಮಾರ್ಗವಾಗಿ ಸ್ಯಾಂ ಲ್ಯುನೇರ್‌ವರೆಗೆ ಹೋಗಬಹುದು. ಇದು ಬ್ರಿಟನಿಯ ಇಡೀ ಅಂಚನ್ನು ಸುತ್ತುವ, ಸುಮಾರು 2,000 ಕಿಲೋಮೀಟರ್ ಉದ್ದದ ಜಿಆರ್ 34 ಕಾಲುದಾರಿಯ ತುಂಡು. ಕಳ್ಳಸಾಗಣೆ ತಡೆಯಲು ಸುಂಕದ ಕಾವಲುಗಾರರು ಗಸ್ತು ತಿರುಗುತ್ತಿದ್ದ ದಾರಿ ಇದು. ಬಿಳಿ-ಕೆಂಪು ಪಟ್ಟಿಯ ಗುರುತನ್ನು ಹಿಡಿದು ನಡೆದರೆ ದಾರಿ ತಪ್ಪುವುದಿಲ್ಲ. ತೆಳುವಾದ ಮಳೆಯಂಗಿ ಜೊತೆಗಿರಲಿ. ಇಲ್ಲಿಯ ಗಾಳಿಗೆ ಕೊಡೆ ನಿಲ್ಲುವುದಿಲ್ಲ.

ಆರನೆಯ ಹಂತ: ನೀರಿಗಿಳಿಯುವ ಮುನ್ನ

ನಡುಬೇಸಿಗೆಯಲ್ಲೂ ನೀರಿನ ಉಷ್ಣತೆ 17ರಿಂದ 19 ಡಿಗ್ರಿ ಸೆಲ್ಸಿಯಸ್ ಮಾತ್ರ. ಮಲ್ಪೆ, ಗೋಕರ್ಣದ ನೀರಿಗೆ ಒಗ್ಗಿದವರು ಒಮ್ಮೆಲೇ ಧುಮುಕದೆ ಕತ್ತು, ಎದೆ ತೋಯಿಸಿಕೊಂಡು ನಿಧಾನವಾಗಿ ಇಳಿಯಬೇಕು. ಹಸಿರು ಬಾವುಟವಿದ್ದರೆ ಕಾವಲಿದೆ, ಅಪಾಯವಿಲ್ಲ. ಹಳದಿಯಿದ್ದರೆ ಎಚ್ಚರ ಬೇಕು. ಕೆಂಪಿದ್ದರೆ ಈಜು ನಿಷಿದ್ಧ. ಮೇಲೆ ಕೆಂಪು, ಕೆಳಗೆ ಹಳದಿ ಬಣ್ಣವಿರುವ ಎರಡು ಬಾವುಟಗಳ ನಡುವಿನ ಜಾಗವೇ ಕಾವಲಿರುವ ಈಜುವಲಯ. ತುರ್ತುಸ್ಥಿತಿಗೆ 112, ಸಮುದ್ರದಲ್ಲಿನ ಅಪಾಯಕ್ಕೆ 196 ಎಂಬ ಸಂಖ್ಯೆಗಳನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ನೀರು ದೂರ ಸರಿದಾಗಲೂ ಈಜಲು ಅನುಕೂಲವಾಗಲೆಂದು 1928ರಲ್ಲಿ ಲೆಕ್ಲ್ಯೂಜ್ ತೀರದ ತುದಿಯಲ್ಲಿ ಸಮುದ್ರದ ನೀರಿನ ಕೊಳವೊಂದನ್ನು ಕಟ್ಟಿದರು. ಉಬ್ಬರ ಬಂದಾಗ ಕೊಳ ಮುಳುಗಿ ಹೊಸ ನೀರು ತುಂಬಿಕೊಳ್ಳುತ್ತದೆ. ಇಳಿತದಲ್ಲಿ ಗೋಡೆಗಳು ಮೇಲೆದ್ದು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಮಕ್ಕಳಿಗೂ, ಅಲೆಯೆಂದರೆ ಅಂಜುವವರಿಗೂ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಪಾಚಿ ಹಿಡಿದ ಮೆಟ್ಟಿಲುಗಳ ಮೇಲೆ ಮಾತ್ರ ರಬ್ಬರ್ ಅಟ್ಟೆಯ ಪಾದರಕ್ಷೆ ಬೇಕೇ ಬೇಕು.

ಏಳನೆಯ ಹಂತ: ದೋಣಿಯಲ್ಲಿ ಸ್ಯಾಂ ಮಾಲೊಗೆ

ಒಂದು ಪೂರ್ತಿ ದಿನ ಇದಕ್ಕೇ ಮೀಸಲಿರಲಿ, ಅದೂ ಮಧ್ಯಾಹ್ನ ಇಳಿತವಿರುವ ದಿನ. ಸಮುದ್ರಬಸ್ಸೆಂದು ಕರೆಯುವ ದೋಣಿ ದಿನಾರ್‌ನ ಕಟ್ಟೆಯಿಂದ ಹತ್ತು ನಿಮಿಷದಲ್ಲಿ ಕೋಟೆಯ ಬುಡಕ್ಕೆ ತಂದು ಬಿಡುತ್ತದೆ. ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಕೊನೆಯ ದೋಣಿ ಎಷ್ಟು ಗಂಟೆಗೆಂದು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ.

ಬೆಳಿಗ್ಗೆ ಕೋಟೆಗೋಡೆಯ ಮೇಲೆ ಸುತ್ತು ಬನ್ನಿ. ಸುಮಾರು ಎರಡು ಕಿಲೋಮೀಟರ್ ದಾರಿ, ಶುಲ್ಕವಿಲ್ಲ. ಒಳಗಿನ ಊರು ಹಳೆಯದಾಗಿ ಕಂಡರೂ ಬಹುಪಾಲು ಮರುನಿರ್ಮಾಣ. 1944ರ ಆಗಸ್ಟ್‌ನಲ್ಲಿ ಜರ್ಮನ್ ಪಡೆಯನ್ನು ಹೊರದಬ್ಬಲು ಅಮೆರಿಕನ್ನರು ನಡೆಸಿದ ದಾಳಿ ಮತ್ತು ಅದರ ಬೆನ್ನಿಗೆ ಬಂದ ಬೆಂಕಿಯಲ್ಲಿ ಊರಿನ ಸುಮಾರು ಶೇಕಡ 80 ಭಾಗ ನಾಶವಾಯಿತು. ಗೋಡೆಗಳು ಮಾತ್ರ ಉಳಿದವು. ಜನರು ಅದೇ ಗ್ರಾನೈಟ್ ಕಲ್ಲಿನಲ್ಲಿ, ಹಳೆಯ ಛಾವಣಿಗಳ ಧಾಟಿಯನ್ನೇ ಹಿಡಿದು ಮತ್ತೆ ಕಟ್ಟಿದರು.

ಭಾರತದಿಂದ ಹೋದವರಿಗೆ ಈ ಗೋಡೆಯ ಮೇಲೆ ಬೇರೊಂದು ಪರಿಚಯವೂ ಕಾದಿದೆ. 1746ರಲ್ಲಿ ಇಂಗ್ಲಿಷರಿಂದ ಮದ್ರಾಸನ್ನು ಕಸಿದುಕೊಂಡ ನೌಕಾಧಿಕಾರಿ ಮಾಹೆ ದ ಲಾ ಬೂರ್ದೊನೆ ಹುಟ್ಟಿದ್ದು ಇದೇ ಊರಿನಲ್ಲಿ, 1699ರಲ್ಲಿ. ಮಂಗಳೂರಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೋಗುವವರು ದಾಟುವ ಮಾಹೆ ಎಂಬ ಊರನ್ನು ಫ್ರೆಂಚರು 1725ರಲ್ಲಿ ವಶಪಡಿಸಿಕೊಂಡಾಗಲೂ ಈತ ಅಲ್ಲಿದ್ದ. ಸಮುದ್ರದ ಕಡೆಗೆ ಬೆರಳು ಚಾಚಿ ನಿಂತ ಪ್ರತಿಮೆ ರೊಬೇರ್ ಸ್ಯುರ್ಕೂಫ್‌ನದು. ಶತ್ರುಹಡಗುಗಳನ್ನು ಹಿಡಿಯಲು ಸರ್ಕಾರದ ಪರವಾನಗಿ ಪಡೆದ ಖಾಸಗಿ ನಾವಿಕನಾಗಿದ್ದ ಆತ 1800ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಂಟ್ ಎಂಬ ದೊಡ್ಡ ಹಡಗನ್ನು ಹಿಡಿದ. ಆತನೂ ಈ ಬಂದರಿನ ಇತರ ಹಡಗುದಾರರೂ ಗುಲಾಮರ ವ್ಯಾಪಾರದಲ್ಲಿಯೂ ಇದ್ದರು. ಗೋಡೆಯೊಳಗಿನ ಎತ್ತರದ ಮನೆಗಳನ್ನು ನೋಡುವಾಗ ಆ ಸಂಪತ್ತು ಎಲ್ಲಿಂದ ಬಂತೆಂಬುದು ನಮಗೆ ನೆನಪಿರಬೇಕು.

ಮಧ್ಯಾಹ್ನ ನೀರು ಸರಿದ ಮೇಲೆ ಬೊಂ ಸಕೂರ್ ತೀರಕ್ಕೆ ಇಳಿಯಿರಿ. ಎದುರಿಗಿರುವ ಗ್ರಾಂ ಬೆ ದ್ವೀಪಕ್ಕೆ ಕಲ್ಲುಹಾಸಿನ ದಾರಿಯೊಂದು ಮೇಲೇಳುತ್ತದೆ. ನೀರು ಬಿಟ್ಟ ಕೂಡಲೇ ಹೋದರೆ ಕಲ್ಲುಗಳ ಮೇಲೆ ಕಂದು ಪಾಚಿ ಇನ್ನೂ ಒದ್ದೆಯಾಗಿರುತ್ತದೆ, ಸಂದುಗಳ ಕೊಳಗಳಲ್ಲಿ ಪುಟ್ಟ ಏಡಿಗಳು ಪಕ್ಕಕ್ಕೆ ಸರಿದು ಅಡಗುತ್ತವೆ, ಚಿಪ್ಪುಹುಳುಗಳು ಬಂಡೆಗೆ ಬಿಗಿಯಾಗಿ ಅಂಟಿಕೊಂಡಿರುತ್ತವೆ. ದ್ವೀಪದ ತುದಿಯಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಹೆಸರಿಲ್ಲದ ಸಮಾಧಿಯೊಂದಿದೆ. ಈ ಊರಿನಲ್ಲೇ ಹುಟ್ಟಿ 1848ರಲ್ಲಿ ತೀರಿಕೊಂಡ ಲೇಖಕ ಶಾತೊಬ್ರಿಯಾಂ ತನ್ನ ಇಚ್ಛೆಯಂತೆ ಅಲ್ಲಿ ಮಣ್ಣಾಗಿದ್ದಾನೆ.

ಈ ದ್ವೀಪದ ವಿಷಯದಲ್ಲಿ ನಿಯಮ ಒಂದೇ: ಇಳಿತದ ವೇಳೆಗೆ ಮುಂಚೆ ಹೋಗಿ, ನೀರು ತಿರುಗಿದ ಮೇಲೆ ತಡಮಾಡದೆ ಮರಳಬೇಕು. ಕಲ್ಲುದಾರಿಯ ತಗ್ಗಾದ ಭಾಗಕ್ಕೆ ನೀರು ಎರಡೂ ಬದಿಯಿಂದ ಬರುತ್ತದೆ. ದಾರಿ ಮುಳುಗಿದ್ದರೆ ನಡೆದು ದಾಟುವ ಸಾಹಸ ಬೇಡವೇ ಬೇಡ. ದ್ವೀಪದ ಮೇಲ್ಭಾಗದಲ್ಲೇ ಮುಂದಿನ ಇಳಿತದವರೆಗೆ ಗಂಟೆಗಟ್ಟಲೆ ಕಾಯುವುದು ಪ್ರಾಣಕ್ಕಿಂತ ದೊಡ್ಡ ನಷ್ಟವಲ್ಲ. ದೊಡ್ಡ ಉಬ್ಬರದ ಸಂಜೆ ಊರಲ್ಲೇ ಉಳಿಯುವವರು ಸಿಲ್ಲೊಂ ತೀರದ ಓಕ್ ಕಂಬಗಳ ಸಾಲಿನ ಬಳಿ ಅಲೆಗಳು ಗೋಡೆಗೆ ಅಪ್ಪಳಿಸುವುದನ್ನು ಸಾಕಷ್ಟು ಹಿಂದೆ ನಿಂತು ನೋಡಬಹುದು.

ಎಂಟನೆಯ ಹಂತ: ಊಟ-ತಿಂಡಿ

ಬ್ರಿಟನಿಯ ನಿತ್ಯದ ಊಟ ಗಲೆತ್. ಬಕ್‌ವೀಟ್ ಎಂಬ ಧಾನ್ಯದ ಹಿಟ್ಟು, ನೀರು, ಉಪ್ಪು ಇಷ್ಟೇ ಸೇರಿಸಿದ ತೆಳು ಹಿಟ್ಟನ್ನು ಬಿಲಿಗ್ ಎಂಬ ದುಂಡನೆಯ ಎರಕದ ಕಬ್ಬಿಣದ ಕಾವಲಿಯ ಮೇಲೆ ಸುರಿದು, ಪುಟ್ಟ ಕುಂಟೆಯಂತಹ ಮರದ ಹಿಡಿಯಿಂದ ಒಂದೇ ಸುತ್ತಿಗೆ ಅಂಚಿನವರೆಗೆ ಹರಡುತ್ತಾರೆ. ನಡುವಿಗೆ ಹೂರಣವಿಟ್ಟು, ನಾಲ್ಕು ಬದಿಯಿಂದ ಮಡಚಿ ಚೌಕಾಕಾರ ಮಾಡುತ್ತಾರೆ. ಕಂದುಬಣ್ಣದ ಗರಿಗರಿ ಅಂಚಿನಲ್ಲಿ ಅದು ನಮ್ಮ ರಾಗಿದೋಸೆಯನ್ನು ಹೋಲುತ್ತದೆ. ಸಿಹಿಗೆ ಗೋಧಿಹಿಟ್ಟಿನ ಕ್ರೆಪ್ ಬೇರೆ ಇದೆ.

ಎಲ್ಲ ಕಡೆ ಸಿಗುವ ಕೊಂಪ್ಲೆತ್ ಎಂಬ ಗಲೆತ್‌ನಲ್ಲಿ ಮೊಟ್ಟೆ, ಚೀಸ್ ಜೊತೆಗೆ ಹಂದಿಮಾಂಸವಿರುತ್ತದೆ. ಸಸ್ಯಾಹಾರಿಗಳು ಅಣಬೆ, ಆಡಿನ ಹಾಲಿನ ಚೀಸ್, ಟೊಮೆಟೊ, ಈರುಳ್ಳಿಯ ಹೂರಣ ಕೇಳಬಹುದು. "ಸ್ಯಾಂ ವಿಯಾಂದ್, ಸ್ಯಾಂ ಪುವಸೊಂ" ಎಂದರೆ ಮಾಂಸವೂ ಮೀನೂ ಬೇಡವೆಂದು ಅರ್ಥವಾಗುತ್ತದೆ. ಕಟ್ಟುನಿಟ್ಟಿನವರು ಇನ್ನೂ ಎರಡು ಸಂಗತಿ ವಿಚಾರಿಸಬೇಕು. ಕಾವಲಿಗೆ ಸವರಲು ಕೆಲವೆಡೆ ಹಂದಿಯ ಕೊಬ್ಬನ್ನು ಬಳಸುವ ಸಂಪ್ರದಾಯವಿದೆ. ಬೆಣ್ಣೆಯಲ್ಲಿ ಮಾಡಿಕೊಡಿ ಎಂದು ಮೊದಲೇ ಹೇಳಬೇಕು. ಹಾಗೆಯೇ ಫ್ರೆಂಚ್ ಚೀಸುಗಳಲ್ಲಿ ಅನೇಕವನ್ನು ಕರುವಿನ ಜಠರದ ರೆನೆಟ್‌ನಿಂದ ಹೆಪ್ಪುಗಟ್ಟಿಸುತ್ತಾರೆ. ಯಾವ ಅಂಗಡಿಗೆ ಹೋದರೂ ಮೊದಲು "ಬೊಂಜೂರ್" ಎಂದು ಹೇಳಿ ಆಮೇಲೆ ವಿಷಯಕ್ಕೆ ಬನ್ನಿ. ಅದಿಲ್ಲದೆ ಕೇಳಿದರೆ ಅಲ್ಲಿಯವರಿಗೆ ಒರಟಾಗಿ ಕಾಣುತ್ತದೆ.

ಗಲೆತ್ ಜೊತೆಗೆ ಬಟ್ಟಲಿನಲ್ಲಿ ಕೊಡುವ ಸೀದ್ರ್ ಸೇಬಿನ ಮದ್ಯ. ಮದ್ಯ ಮುಟ್ಟದವರು ಸೇಬಿನ ರಸವನ್ನೇ ಕೇಳಬೇಕು. ಬೆಣ್ಣೆ ಇಲ್ಲಿ ಉಪ್ಪಿನದೇ. ಫ್ರೆಂಚ್ ಕ್ರಾಂತಿಗೆ ಮುಂಚೆ ಫ್ರಾನ್ಸ್‌ನ ಬೇರೆ ಭಾಗಗಳಲ್ಲಿದ್ದ ಭಾರಿ ಉಪ್ಪಿನ ತೆರಿಗೆ ಬ್ರಿಟನಿಗೆ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಬೆಣ್ಣೆಗೆ ಧಾರಾಳವಾಗಿ ಉಪ್ಪು ಹಾಕುವ ರೂಢಿ ಬೆಳೆಯಿತು. ಆ ಬೆಣ್ಣೆಯನ್ನೂ ಸಕ್ಕರೆಯನ್ನೂ ಹಿಟ್ಟಿನಲ್ಲಿ ಪದರಪದರವಾಗಿ ಮಡಚಿ ಬೇಯಿಸಿದ ಕ್ವಿನ್ ಅಮಾನ್ ಎಂಬ ಸಿಹಿತಿನಿಸನ್ನು ಬೆಚ್ಚಗಿರುವಾಗಲೇ ತಿನ್ನಬೇಕು. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ, ರಾತ್ರಿಯದು ಏಳರ ನಂತರ. ನಡುವೆ ಅಡುಗೆಮನೆಗಳು ಮುಚ್ಚಿರುತ್ತವೆ. ದೊಡ್ಡ ಉಬ್ಬರದ ದಿನ ಮಧ್ಯಾಹ್ನದ ನಡಿಗೆಗೆ ಹೊರಡುವವರು ಹನ್ನೆರಡಕ್ಕೇ ಊಟಕ್ಕೆ ಕೂರುವುದು ಲೇಸು.

ಒಂಬತ್ತನೆಯ ಹಂತ: ಸುತ್ತಮುತ್ತ

ರಾನ್ಸ್ ಅಣೆಕಟ್ಟನ್ನು ಬರಿಯ ರಸ್ತೆಯೆಂದು ದಾಟಿಬಿಡಬೇಡಿ. ಉಬ್ಬರ-ಇಳಿತದಿಂದ ವಿದ್ಯುತ್ ತಯಾರಿಸುವ ಈ ಸ್ಥಾವರ 1966ರಲ್ಲಿ ಉದ್ಘಾಟನೆಯಾಯಿತು. ತಲಾ 10 ಮೆಗಾವಾಟ್‌ನ 24 ಟರ್ಬೈನುಗಳು, ಒಟ್ಟು 240 ಮೆಗಾವಾಟ್. 2011ರಲ್ಲಿ ದಕ್ಷಿಣ ಕೊರಿಯಾದ ಸಿಹ್ವಾ ಸ್ಥಾವರ ಬರುವವರೆಗೆ ಈ ಬಗೆಯಲ್ಲಿ ಜಗತ್ತಿನಲ್ಲೇ ದೊಡ್ಡದು ಇದೇ ಆಗಿತ್ತು. ಮೂರನೆಯ ಗಂಟೆಯ ಆ ರಭಸ ಎಲ್ಲಿಗೆ ಹೋಗುತ್ತದೆಂದು ತಿಳಿಯಲು, ನೀರು ಸುಳಿಸುಳಿಯಾಗಿ ನುಗ್ಗುವ ಹೊತ್ತಿನಲ್ಲೇ ಸೇತುವೆಯ ಬದಿಯಲ್ಲಿ ನಿಂತು ನೋಡಬೇಕು.

ನದಿಯ ಮೇಲ್ಭಾಗದಲ್ಲಿರುವ ಮಧ್ಯಯುಗದ ಊರು ದಿನಾಂಗೆ ಅರ್ಧ ದಿನ ಸಾಕು. ಸಿಂಪಿಗೆ ಹೆಸರಾದ ಕಾಂಕಾಲ್ ಪೂರ್ವಕ್ಕಿದೆ. ಇಳಿತದ ವೇಳೆಗೆ ಹೋದರೆ ಸಿಂಪಿ ಸಾಕುವ ಚೌಕಟ್ಟುಗಳ ಸಾಲು ಮೈಲಿಗಟ್ಟಲೆ ಕಾಣುತ್ತದೆ. ಮೊಂ ಸ್ಯಾಂ ಮಿಷೆಲ್ ನಾರ್ಮಂಡಿಗೆ ಸೇರಿದ್ದು. ಅದಕ್ಕೆ ಪೂರ್ತಿ ದಿನ ಬೇಕು. ಅಲ್ಲಿಯ ಕೊಲ್ಲಿಯ ಮರಳಿನ ಮೇಲೆ ಮಾರ್ಗದರ್ಶಕರಿಲ್ಲದೆ ಕಾಲಿಡಬಾರದು, ಏಕೆಂದರೆ ಕುಸಿಮರಳೂ ಇದೆ, ನೀರೂ ಬೇಗ ಬರುತ್ತದೆ.

ಸ್ಯಾಂ ಮಾಲೊದಿಂದ ಜರ್ಸಿ ದ್ವೀಪಕ್ಕೆ ಹೋಗುವ ಹಡಗುಗಳ ಜಾಹೀರಾತು ಎಲ್ಲೆಡೆ ಕಾಣುತ್ತದೆ. ಜರ್ಸಿ ಷೆಂಗೆನ್ ವಲಯದಲ್ಲಿಲ್ಲ. ಏಕಪ್ರವೇಶದ ವೀಸಾ ಹಿಡಿದು ಅಲ್ಲಿಗೆ ಹೋದ ಭಾರತೀಯ ಪ್ರವಾಸಿಗೆ ಫ್ರಾನ್ಸ್‌ಗೆ ಮರಳುವ ಹಕ್ಕು ಉಳಿಯುವುದಿಲ್ಲ, ಇಳಿಯಲೂ ಬೇರೆ ಅನುಮತಿ ಬೇಕು. ಈ ದ್ವೀಪ ನಿಮ್ಮ ಪಟ್ಟಿಯಲ್ಲಿದ್ದರೆ ಬೆಂಗಳೂರಿನಲ್ಲೇ ಬಹುಪ್ರವೇಶದ ವೀಸಾ ಕೋರಬೇಕು.

ಹಿಂತಿರುಗುವ ದಿನ ವಿಮಾನ ಹೊರಡುವ ವೇಳೆಗೆ ಕನಿಷ್ಠ ಐದು ಗಂಟೆ ಮುಂಚೆ ಮೊಂಪಾರ್ನಾಸ್ ತಲುಪುವ ರೈಲನ್ನೇ ಆರಿಸಿಕೊಳ್ಳಿ, ಏಕೆಂದರೆ ಅಲ್ಲಿಂದ ವಿಮಾನ ನಿಲ್ದಾಣ ಪ್ಯಾರಿಸ್‌ನ ಇನ್ನೊಂದು ತುದಿಯಾಚೆಗಿದೆ. ಬೆಳಗಿನ ವಿಮಾನವಾದರೆ ಹಿಂದಿನ ಸಂಜೆಯೇ ದಿನಾರ್ ಬಿಟ್ಟು ನಿಲ್ದಾಣದ ಬಳಿ ರಾತ್ರಿ ಕಳೆಯುವುದು ಸರಿ.